ಸೀನು ನಿಲ್ಲುವ ಮಾತ್ರೆ

ಅನ್ನಪೂರ್ಣೇಶ್ವರಿ ನಗರ
೧೪-೩-೨೦೨೪

ನನ್ನ ಮುದ್ದು ಜ್ಯೋತಿಗೆ,

ಅಮ್ಮನ ಆಶೀರ್ವಾದಗಳು. ಮೈಸೂರಿನ ಪಿಜಿ ಊಟ ಹೊಂದಿಕೆಯಾಯಿತೇ? ಒಂದು ತಿಂಗಳಿಂದ ಪೆನ್ನು ಹಿಡಿಯುವುದು, ಇಟ್ಟುಬಿಡುವುದು, ಇದೇ ಆಗಿದೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಪ್ಪ ಈಗ ಇಡೀ ದಿನ ಮನೆಯಲ್ಲೇ ಇರುತ್ತಾರೆ. ಅವರ ಹೆಸರೆತ್ತಿದರೆ ನೀನು ಕಟ್ ಮಾಡುತ್ತೀಯ.

ಅವರ ಕೈಯ ಹೊಲಿಗೆ ಬಿಚ್ಚಿದರು. ಬಲಗೈಯ ಮೂರು ಬೆರಳು ಹೋದ ಜಾಗ ಇನ್ನೂ ಕೆಂಪಗಿದೆ. ಇಲ್ಲದ ಬೆರಳು ನೋಯುತ್ತದಂತೆ. ನಾಯಂಡಹಳ್ಳಿ ವರ್ಕ್‌ಶಾಪಿನವರು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದುಬಿಟ್ಟರು. ಫೋರ್‌ಮನ್ ಸೋಮಲಿಂಗಪ್ಪ ನನ್ನೆದುರಿಗೇ, "ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ರು ಕಣಮ್ಮ. ಪ್ರೆಸ್ ಮಿಷನ್ ಮುಂದೆ ತೂಗಾಡ್ತಾ ನಿಂತಿದ್ರು, ನಾಲ್ಕು ಜನ ನೋಡವ್ರೆ" ಅಂದ. ಅದೇ ಮಾತು ಗಂಡಿನ ಮನೆಗೂ ಮುಟ್ಟಿ ನಿನ್ನ ಸಂಬಂಧ ಮುರಿಯಿತು. "ನನ್ನ ಮದುವೆ ಮಾತಿನ ದಿನಾನೂ ಕುಡೀಬೇಕಿತ್ತಾ ಅಪ್ಪ?" ಎಂದು ಆಸ್ಪತ್ರೆಯಲ್ಲಿ ಕೇಳಿ ಹೊರಟೆಯಲ್ಲ, ಅವತ್ತಿನಿಂದ ಅವರು ನೆಟ್ಟಗೆ ಊಟ ಮಾಡಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ ಜ್ಯೋತಿ, ಆ ಮನುಷ್ಯನ ಬಾಯಲ್ಲಿ ಒಂದು ದಿನ ವಾಸನೆ ಕಂಡಿಲ್ಲ.

ಸೀನು ಮಾತ್ರ ಕಡಿಮೆಯಾಗಿದೆ. ಬೆಳಗಾದರೆ ಇಪ್ಪತ್ತು ಸೀನು, ಮೂಗಿನ ತುದಿ ಸುಲಿದುಹೋಗುತ್ತಿದ್ದದ್ದು ನಿನಗೆ ಗೊತ್ತಲ್ಲ. ಹಿಂದೊಮ್ಮೆ ಅಲರ್ಜಿ ಮಾತ್ರೆ ನುಂಗಿ ಮಿಷನ್ ಮುಂದೆ ತೂಕಡಿಸಿದ ಮೇಲೆ ಮಾತ್ರೆಯ ಮಾತೆತ್ತಿದರೇ ಸಿಡುಕುತ್ತಿದ್ದರು. ಈಗ ಡಾಕ್ಟರು ಅಷ್ಟಾಗಿ ನಿದ್ದೆ ಬರಿಸದ ಮಾತ್ರೆ ಬರೆದುಕೊಟ್ಟಿದ್ದಾರೆ. ಅಂಥದ್ದೂ ಇದೆ ಎಂದು ನಮಗೆ ಯಾರು ಹೇಳಿದ್ದರು? ನಿನ್ನೆ ಇವರು, "ಅವತ್ತು ಅದ್ಹೆಂಗೆ ಕಣ್ಣು ಹತ್ತಿತು ಅಂತ ಇನ್ನೂ ಗೊತ್ತಾಗ್ತಿಲ್ಲ ಕಣೇ. ನನ್ನಲ್ಲೇ ಏನೋ ಕೆಟ್ಟಿದೆ" ಅಂದರು. ನಾನು ಎದ್ದು ಅಡುಗೆಮನೆಗೆ ಹೋದೆ.

ಯುಗಾದಿಗೆ ಬಾ ಮಗಳೇ. ನಿನಗೆ ಒಳ್ಳೆಯ ಮನೆ ಸಿಗಲಿ, ನಿನ್ನ ಬಾಳು ತಣ್ಣಗಿರಲಿ.

ನಿನ್ನ ಅಮ್ಮ,
ವರಲಕ್ಷ್ಮಿ

ತಾ.ಕ.: ಇದನ್ನು ಬರೆಯಲಿಕ್ಕೇ ಕೂತಿದ್ದೆ. ನಿನ್ನ ಮೊದಲ ಸಂಬಂಧದಲ್ಲಿ ತಾಂಬೂಲ ಬದಲಾಯಿಸುವ ಹೊತ್ತಿಗೆ ನಿಮ್ಮಪ್ಪ ಸೀನಿದರೆಂದು, ಅಪಶಕುನವಾಯಿತೆಂದು ಅವರೆಲ್ಲ ಎದ್ದುಹೋದರಲ್ಲ. ಈ ಸಲ ಹಾಗಾಗಬಾರದೆಂದು ಮೆಡಿಕಲ್ ಶಾಪಿನಿಂದ ಆ ಹಳೇ ಮಾತ್ರೆಯನ್ನೇ ತಂದೆ. "ತುಂಬಾ ನಿದ್ದೆ ಬರುತ್ತೆ, ಒಂದೇ ಕೊಡಿ" ಎಂದು ಅಂಗಡಿಯಾಕೆ ಹೇಳಿದ್ದಳು. ರಜೆ ಹಾಕಿದ್ದಾರಲ್ಲ, ಗಂಡಿನವರು ಬರುವುದು ಸಂಜೆ, ಮಧ್ಯಾಹ್ನದವರೆಗೆ ಮಲಗಿ ಏಳಲಿ ಎಂದು ಅವತ್ತು ಬೆಳಿಗ್ಗೆ ಎರಡು ಪುಡಿಮಾಡಿ, ಅವರಿಗೆ ತಿಳಿಯದಂತೆ ಕಾಫಿಗೆ ಬೆರೆಸಿದೆ. ಕುಡಿದು ಲೋಟ ಇಡುವಷ್ಟರಲ್ಲಿ ವರ್ಕ್‌ಶಾಪಿನಿಂದ ಫೋನ್ ಬಂತು, ಎರಡು ಗಂಟೆ ಹೊತ್ತು ಬಂದು ಹೋಗಿ ಎಂದು. ಅವರು ಚಪ್ಪಲಿ ಮೆಟ್ಟುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳಿದರೆ ಬೈಯುತ್ತಾರೆಂದು ಬಾಯಿ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ. ಎಡಗೈಗೆ ಇನ್ನೂ ರೂಢಿಯಾಗಿಲ್ಲವೆಂದು ದಿನಾ ಕಾಫಿ ಲೋಟ ನಾನೇ ಹಿಡಿದು ಕುಡಿಸುತ್ತೇನೆ. ಏನೂ ಕೇಳದೆ ಕುಡಿಯುತ್ತಾರೆ.