ಕೆಂಪು ಬೋಟಿನ ನೆಲ ಮೆತ್ತಗಿದೆ, ಭಾವ

ಸೀಟಿನ ಕೆಲಸಕ್ಕೆ ಮತ್ತೆ ಕತ್ತರಿ ಹಿಡಿಯುವ ಮೊದಲು ಇದನ್ನು ಓದಲೇಬೇಕಾದ ನನ್ನ ಭಾವನಿಗೆ,

ಮೊದಲು ಮುಖ್ಯವಾದ ಮಾತು. ಶನಿವಾರ ಆ ಕೆಂಪು ಬೋಟನ್ನು ತರಲು ಹೋಗಬೇಡಿ. ಅದರ ನೆಲ ಕೊಳೆತಿದೆ. ಇಂಜಿನ್ನಿನ ಭಾರ ಹೊತ್ತಿರುವ ಹಿಂಬದಿಯ ಹಲಗೆಯೂ ಕೊಳೆತಿದೆ. ಇದು ನನಗೆ ಈಗ ಗೊತ್ತಾದದ್ದಲ್ಲ. ಬಣ್ಣದಂಗಡಿಯವನ ಹಿತ್ತಲಿನಲ್ಲಿ ನಾವಿಬ್ಬರೂ ಅದನ್ನು ನೋಡಿದ ದಿನವೇ ಗೊತ್ತಿತ್ತು. ಗೊತ್ತಿದ್ದೂ “ಭಾವ, ಇದು ಚಿನ್ನ” ಅಂದೆ. ಇಷ್ಟು ಓದಿ ಕಾಗದ ಮುದುರಿ ಎಸೆದರೂ ಪರವಾಗಿಲ್ಲ, ಮಕ್ಕಳು ಆ ಬೋಟು ಹತ್ತದಿದ್ದರೆ ಸಾಕು. ಎಸೆಯುವ ಮನಸ್ಸಾಗದಿದ್ದರೆ ಮುಂದೆ ಓದಿ.

ಫೋನಿನಲ್ಲೇ ಹೇಳಬಾರದಿತ್ತೇನೋ ಅಂತ ಬೈಯುತ್ತೀರಿ. ಮೊನ್ನೆ ನೀವೇ ಫೋನ್ ಮಾಡಿದಾಗ ಹೇಳಬೇಕಿತ್ತು. “ಲೋ ಡಾಕ್ಟ್ರೇ, ಕೆಂಪು ನಮ್ಮದೇ ಕಣೋ! ಮುಂಗಡ ಕೊಟ್ಟಿದ್ದವನು ಬೇಡ ಅಂದ್ಬಿಟ್ನಂತೆ, ತಲೆ ಕೆಟ್ಟಿರಬೇಕು ಅವನಿಗೆ” ಅಂತ ನೀವು ಕೂಗಿದಿರಿ. ತಲೆ ಕೆಟ್ಟದ್ದು ಅವನಿಗಲ್ಲ ಭಾವ, ಅವನು ಕಣ್ಣಿದ್ದವನು. ಆದರೆ ನನ್ನ ಬಾಯಿಂದ ಬಂದದ್ದೇನು? “ಒಳ್ಳೇದಾಯ್ತು ಬಿಡಿ.” ಫೋನಿಟ್ಟ ಮೇಲೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಂಡೆ. ನಾಟಕಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಹೊಡೆದುಕೊಂಡೆ. ಗ್ರೀಸಿನ ಕೈ, ಕೆನ್ನೆಯಿಡೀ ಕಪ್ಪಾಯಿತು.

ಬೋಟು ಹುಡುಕುವ ಈ ಭಾನುವಾರಗಳು ಶುರುವಾದದ್ದು ನೆನಪಿದೆಯಲ್ಲ? ನಿಮ್ಮ ಕುಶನ್ ಅಂಗಡಿಗೆ ಯಾರೋ ಬೋಟಿನ ಸೀಟು ಹೊಲಿಸಲು ತಂದಿದ್ದರು. ಮೂತಿಯ ಕಡೆಯೂ ತೆರೆದು, ಅಲ್ಲಿ ಎದುರುಬದುರು ಸೀಟು ಹಾಕಿರುವ ಬೌರೈಡರ್ ಬೋಟು ಅಂತ ಒಂದು ಇರುತ್ತದೆ ಅಂತ ನಿಮಗೆ ಗೊತ್ತಾದದ್ದೇ ಆಗ. ನನಗೆ ಹೇಳಿದಿರಿ, “ಗಾಳಿಗೆ ಮುಖ ಕೊಟ್ಟು ಇಡೀ ಸಂಸಾರ ಕೂರಬಹುದು ಕಣೋ. ಹೊಸದು ನಮ್ಮಂಥವರಿಗಲ್ಲ, ಹಳೇದು ಒಂದು ನೋಡೋಣ. ನಾಡಿ ನೋಡೋಕೆ ನೀನಿದ್ದೀಯಲ್ಲ.” ಬಸ್ಸಿನ ಇಂಜಿನ್ ಬಿಚ್ಚುವವನು ಅಂದಿನಿಂದ ಡಾಕ್ಟರಾದ.

ನಮ್ಮ ಪದ್ಧತಿ ಹೇಗಿತ್ತು ನೋಡಿ. ಬೋಟಿನ ಮಾಲೀಕರು ಟಾರ್ಪಾಲು ಸರಿಸುತ್ತಿದ್ದ ಹಾಗೆ ನೀವು ನೇರವಾಗಿ ಸೀಟಿಗೆ ಹೋಗುತ್ತಿದ್ದಿರಿ. ಹೊಲಿಗೆ ಎಳೆದು ನೋಡುವುದು, ಮೂಲೆಯ ಮಡಿಕೆಯೊಳಗೆ ಬೆರಳಾಡಿಸುವುದು, ಮೂಸುವುದು. ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ಒಡಲನ್ನು ತಟ್ಟುತ್ತಾ ಸುತ್ತು ಬರುತ್ತಿದ್ದೆ. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಒಳಗಿನ ಮರ ನೀರು ಕುಡಿದಿದ್ದರೆ ದಬ್ ಅನ್ನುತ್ತದೆ. ಆಮೇಲೆ ಹಿಮ್ಮಡಿಯೂರಿ ನೆಲ ನೋಡುವುದು. ಒಂದು ಸಲ ಇಂಜಿನ್ನಿನ ಮೇಲೆ ಕೈಯಿಟ್ಟ ತಕ್ಷಣ ನಿಮ್ಮನ್ನು ಎಳೆದುಕೊಂಡು ಹೊರಟೆನಲ್ಲ, “ನಾವು ಬರೋಕೆ ಮುಂಚೆನೇ ಬಿಸಿ ಮಾಡಿ ಇಟ್ಟಿದ್ದಾನೆ, ತಣ್ಣಗಿದ್ದಾಗ ಇದು ಸ್ಟಾರ್ಟೇ ಆಗಲ್ಲ” ಅಂತ. ಅವತ್ತು ದಾರಿಯುದ್ದಕ್ಕೂ ನನ್ನನ್ನು ಹೊಗಳಿದಿರಿ. ಅಕ್ಕನಿಗೂ ಹೇಳಿದಿರಿ, ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿದಿರಿ. ಅವತ್ತು ಹೇಳಿದ್ದು ನಿಜವೇ ಆಗಿತ್ತು. ಆ ನಿಜವನ್ನೇ ಬಂಡವಾಳ ಮಾಡಿಕೊಂಡು ಮುಂದೆ ಸುಳ್ಳು ಹೇಳಿದೆ.

ಇನ್ನು ಆ ನರ್ಸಮ್ಮ ಮಾರಲಿಟ್ಟಿದ್ದ ನೀಲಿ ಬೋಟಿನ ವಿಷಯಕ್ಕೆ ಬರುತ್ತೇನೆ. ಆ ಬೋಟಿನಲ್ಲಿ ಏನೂ ದೋಷವಿರಲಿಲ್ಲ. ಮೂತಿಯಿಂದ ಹಿಂಬದಿಯವರೆಗೆ ತಟ್ಟಿದೆ, ಟಣ್ ಟಣ್ ಅಂದಿತು. ತಣ್ಣಗಿದ್ದ ಇಂಜಿನ್ ಕೀಲಿ ತಿರುಗಿಸಿದ ಕೂಡಲೇ ಎದ್ದಿತು. ಸೀಟು ಮಾತ್ರ ಬಿಸಿಲಿಗೆ ಬಿರುಕು ಬಿಟ್ಟಿತ್ತು, ಅದು ನಿಮ್ಮ ಎಡಗೈಯ ಕೆಲಸ. “ಅಬ್ಬ, ಸಿಕ್ಕಿತು ಕಣೋ. ಇನ್ಮೇಲೆ ಭಾನುವಾರ ಊರೂರು ಅಲೆಯೋದು ತಪ್ಪಿತು” ಅಂದಿರಿ ನೀವು.

ಆ ಮಾತು ನನ್ನನ್ನು ಕೆಡಿಸಿತು ಭಾವ. ನಿಮ್ಮದು ತಪ್ಪಿಲ್ಲ, ಖುಷಿಯಲ್ಲಿ ಅಂದದ್ದು. ಆದರೆ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ಒಬ್ಬನೇ ಇರುವವನಿಗೆ ಭಾನುವಾರ ಅಂದರೆ ಏನು ಅಂತ ನಿಮಗೆ ಹೇಗೆ ಗೊತ್ತಾಗಬೇಕು? ನಿಮ್ಮ ವ್ಯಾನಿನ ಹಾರನ್ನು, ಫ್ಲಾಸ್ಕಿನ ಚಹಾ, ದಾರಿ ತಪ್ಪಿಸಿಕೊಂಡು “ನೀನೇ ಬಲಕ್ಕೆ ಅಂದೆ” “ನೀವೇ ಎಡಕ್ಕೆ ತಿರುಗಿಸಿದ್ರಿ” ಅಂತ ಜಗಳ. ಇಡೀ ವಾರದಲ್ಲಿ ನಾನು ನಗುತ್ತಿದ್ದದ್ದು ಅಲ್ಲಿ ಮಾತ್ರ. ಬೋಟು ಬಂದರೆ ನೀವು, ಅಕ್ಕ, ಮಕ್ಕಳು ನೀರಿನ ಮೇಲೆ, ನಾನು ದಡದಲ್ಲಿ. ಹೀಗಂತ ನೀವು ಹೇಳಿರಲಿಲ್ಲ. ನನ್ನಷ್ಟಕ್ಕೆ ನಾನೇ ಅಂದುಕೊಂಡೆ, ಮರುಕ್ಷಣ ಬಾಯಿ ಬಿಟ್ಟೆ. “ಭಾವ, ಇಲ್ಲಿ ನೆಲ ಮೆತ್ತಗಿದೆಯಲ್ಲ” ಅಂದೆ.

ನೀವು ಬಂದು ಚಪ್ಪಲಿ ಕಳಚಿ, ನಾನು ತೋರಿಸಿದ ಜಾಗದ ಮೇಲೆ ಕಾಲಿಟ್ಟು ಒತ್ತಿದಿರಿ. ಆ ನೆಲ ಕಲ್ಲಿನಂತಿತ್ತು. ನೀವು ಮುಖ ಸಣ್ಣಗೆ ಮಾಡಿ, “ಹೌದು ಕಣೋ, ಮೆತ್ತಗಿದೆ” ಅಂದಿರಿ.

ನಿಮ್ಮ ಕಾಲು ಕೂಡ ನನ್ನ ಮಾತನ್ನೇ ನಂಬಿತು. ಕೆಳಗಿದ್ದ ನೆಲವನ್ನು ನಂಬಲಿಲ್ಲ. ಪಾಪ, ನರ್ಸಮ್ಮ “ಮೆತ್ತಗೆಲ್ಲಿದೆಯಪ್ಪ?” ಅಂತ ತಾವೂ ತುಳಿದು ನೋಡಿದರು. ನಾನು ಅವರ ಮುಖ ನೋಡದೆ ವ್ಯಾನು ಹತ್ತಿದೆ.

ಆಮೇಲೆ ಸಿಕ್ಕಿತು ಈ ಕೆಂಪು ಬೋಟು. ಮೇಲೆ ಥಳಕು, ಒಳಗೆ ಹುಳುಕು. ಬಣ್ಣದಂಗಡಿಯವನಿಗೆ ಬಣ್ಣಕ್ಕೇನು ಬರ? ಹೊಸ ಸೀಟು, ಜೋಡಿ ಹೊಲಿಗೆ. ನೀವು ಸೀಟು ಸವರುತ್ತಾ ಮೈಮರೆತಿದ್ದಿರಿ. ನಾನು ತಟ್ಟಿದಲ್ಲೆಲ್ಲ ದಬ್. ಇಂಜಿನ್ನಿನ ಪಕ್ಕ ಹಿಮ್ಮಡಿಯೂರಿದರೆ ಹೊಸ ಕಾರ್ಪೆಟ್ಟಿನ ಕೆಳಗೆ ನೆಲ ಕುಸಿಯಿತು. ಹೇಳಬೇಕು ಅನ್ನುವಷ್ಟರಲ್ಲಿ ಅವನೇ ಅಂದ, ಇದಕ್ಕೆ ಬೇರೆಯವರಿಂದ ಮುಂಗಡ ಬಂದಾಗಿದೆ, ಸುಮ್ಮನೆ ನೋಡಿಕೊಂಡು ಹೋಗಿ ಅಂತ. ಆಗ ನನ್ನ ಹಾಳು ಬುದ್ಧಿ ಓಡಿತು. ಕೈಗೆ ಸಿಗದ ಬೋಟನ್ನು ಹೊಗಳಿದರೆ ಯಾರಿಗೇನು ನಷ್ಟ? ಇದು ಭಾವನ ತಲೆಯಲ್ಲಿ ಕೂತರೆ ಮುಂದೆ ನೋಡುವ ಬೋಟುಗಳೆಲ್ಲ ಇದರ ಮುಂದೆ ಸಪ್ಪೆಯಾಗುತ್ತವೆ, ನಮ್ಮ ಭಾನುವಾರಗಳು ಹೀಗೇ ನಡೆಯುತ್ತವೆ. “ಚಿನ್ನ” ಅಂದೆ. “ಕೈ ತಪ್ಪಿತಲ್ಲ” ಅಂತ ಲೊಚಗುಟ್ಟಿದೆ ಬೇರೆ.

ನಾನು ಅಂದುಕೊಂಡ ಹಾಗೇ ಆಯಿತು. ಒಂದೊಂದು ಬೋಟಿನ ಮುಂದೆ ನಿಂತಾಗಲೂ ನೀವು, “ಚೆನ್ನಾಗಿದೆ, ಆದ್ರೆ ಕೆಂಪಿನ ಮುಂದೆ ಏನೂ ಅಲ್ಲ ಬಿಡು” ಅನ್ನುತ್ತಿದ್ದಿರಿ. ನಾನು ತಲೆಯಾಡಿಸುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ನೀರು ಅಂದರೆ ಅವಳಿಗೆ ಮೊದಲಿನಿಂದಲೂ ಭಯ, ನಿಮಗೇ ಗೊತ್ತು. “ನೀನು ತಟ್ಟಿ ನೋಡಿ ಹೇಳಿದ್ದೀಯಲ್ಲ, ಅದಕ್ಕೇ ಧೈರ್ಯ ಕಣೋ. ಇಲ್ಲದಿದ್ರೆ ಮಕ್ಕಳನ್ನ ನಾನು ಹತ್ತಿಸ್ತಿರಲಿಲ್ಲ” ಅಂದಳು. ಅವಳಿಗೂ “ಹೂಂ” ಅಂದು ಫೋನಿಟ್ಟೆ. ಇವತ್ತು ಬೆಳಿಗ್ಗೆ ಬಣ್ಣದಂಗಡಿಗೆ ಹೋದೆ. ನಾನೇ ತಪ್ಪು ತಿಳಿದಿರಬಹುದು, ದೇವರೇ ಹಾಗಿರಲಿ ಅಂತ ಬೇಡಿಕೊಂಡೇ ಹೋದದ್ದು. ಕಾರ್ಪೆಟ್ಟಿನ ಅಂಚು ಎತ್ತಿ ಸ್ಕ್ರೂಡ್ರೈವರ್ ಒತ್ತಿದರೆ ನೆಂದ ರಟ್ಟಿನೊಳಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಹೊರಗೆಳೆದಾಗ ಕಪ್ಪು ನೀರು ಒಸರಿತು.

ಅಲ್ಲಿಂದ ನೇರ ನಿಮ್ಮ ಅಂಗಡಿಗೆ ಬಂದೆ. ಗಾಜಿನಾಚೆ ನೀವು ಮೇಜಿನ ಮೇಲೆ ದಪ್ಪ ಸ್ಪಂಜು ಹರಡಿ ಬಾಯಲ್ಲಿ ಸೀಮೆಸುಣ್ಣ ಕಚ್ಚಿಕೊಂಡಿದ್ದಿರಿ. ನನ್ನನ್ನು ಕಂಡು ಬಾಗಿಲಿಗೇ ಬಂದಿರಿ. “ಮುಂದಿನ ಎಡಗಡೆ ಸೀಟು ನಿಂದು. ಅಲ್ಲಿನ ಸೀಟು ಹೊಸದೇ, ಆದ್ರೂ ನಿನ್ನ ಸೊಂಟನೋವಿಗೆ ಅಂತ ಮೇಲೆ ಎರಡು ಪದರ ಸ್ಪಂಜು ಹಾಕ್ತಿದ್ದೀನಿ. ಮೊದಲಿಂದ ಬೌರೈಡರೇ ಬೇಕು ಅಂತ ಯಾಕೆ ಹಟ ಹಿಡಿದೆ ಅಂದ್ಕೊಂಡೆ? ಬೇರೆ ಬೋಟಲ್ಲಿ ನಮ್ಮ ನಾಲ್ಕು ಜನಕ್ಕೇ ಸರಿಹೋಗುತ್ತೆ, ನೀನೆಲ್ಲಿ ಕೂರ್ತಿದ್ದೆ?”

ನಾನು ಏನೋ ನೆಪ ಹೇಳಿ ಬಂದುಬಿಟ್ಟೆ. ನಿಮಗೆ ವಿಚಿತ್ರ ಅನಿಸಿರಬೇಕು. ವರ್ಕ್‌ಶಾಪಿಗೆ ಬಂದು ಬಸ್ಸಿನ ಕೆಳಗೆ ಹಲಗೆ ಹಾಸಿಕೊಂಡು ಮಲಗಿ ಅತ್ತುಬಿಟ್ಟೆ ಭಾವ. ನನಗೆ ಜಾಗವಿರಲಿ ಅಂತಲೇ ನೀವು ಹುಡುಕುತ್ತಿದ್ದ ಬೋಟನ್ನು, ನನಗೆ ಜಾಗವಿಲ್ಲ ಅಂದುಕೊಂಡು ನಾನೇ ತಪ್ಪಿಸಿದೆನಲ್ಲ. ನನಗಿಂತ ಪೆದ್ದ ಇನ್ನೊಬ್ಬ ಇದ್ದಾನೆಯೇ?

ನರ್ಸಮ್ಮನಿಗೆ ಫೋನ್ ಮಾಡಿ ಕೇಳಿದೆ. ನೀಲಿ ಬೋಟು ಇನ್ನೂ ಅಲ್ಲೇ ಇದೆ. ನೆಲ ಮೆತ್ತಗಿದೆ ಅಂದದ್ದು ಸುಳ್ಳು ಅಂತ ಅವರಿಗೂ ಹೇಳಿದೆ. ಅವರು “ನಿಮ್ಮ ಭಾವನಿಗೆ ಹೇಳಿದ್ರಾ?” ಅಂತ ಅಷ್ಟೇ ಕೇಳಿದರು. ಅದಕ್ಕೇ ಈ ಕಾಗದ. ರಾತ್ರಿ ನೀವು ಅಂಗಡಿ ಮುಚ್ಚಿದ ಮೇಲೆ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ.

ನೀಲಿಯನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹೇಳುವ ಯೋಗ್ಯತೆ ಕಳೆದುಕೊಂಡಿದ್ದೇನೆ. ಬೇರೆ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿ. ಅಕ್ಕನನ್ನೂ ಕರೆದುಕೊಂಡು ಹೋಗಿ. ನಾನು ಅವತ್ತು ತೋರಿಸಿದ ಜಾಗ ನೆನಪಿದೆಯಲ್ಲ, ಅಲ್ಲಿ ಚಪ್ಪಲಿ ಕಳಚಿ ನಿಲ್ಲಿ. ಯಾರನ್ನೂ ಕೇಳಬೇಡಿ, ನನ್ನನ್ನಂತೂ ನೆನೆಸಲೇಬೇಡಿ. ನಿಮ್ಮ ಕಾಲು ಏನು ಹೇಳುತ್ತದೋ ಅದನ್ನು ನಂಬಿ.

ನನಗೆ ಅಂತ ಕತ್ತರಿಸಿದ ಸ್ಪಂಜನ್ನು ಅಕ್ಕನ ಸೀಟಿಗೆ ಹಾಕಿ. ಅವಳು ಭಯಕ್ಕೆ ನೆಟ್ಟಗೆ ಕೂರುತ್ತಾಳೆ, ಬೆನ್ನು ನೋಯುತ್ತದೆ. ಭಾನುವಾರ ಹಾರನ್ನಿಗೆ ಕಾಯುವುದಿಲ್ಲ ಅಂತ ಬರೆಯಲು ಹೊರಟೆ. ಇನ್ನು ಸುಳ್ಳು ಬೇಡ. ಕಾಯುತ್ತೇನೆ.

ನೀವು ನೀರಿಗಿಳಿಸುವ ಬೋಟು ಯಾವುದೇ ಆಗಲಿ, ನನ್ನ ಸೋದರಸೊಸೆಯರ ಕಾಲಡಿಯ ನೆಲ ಗಟ್ಟಿಯಾಗಿರಲಿ.

ಡಾಕ್ಟರಲ್ಲದ,
ನಿಮ್ಮ ಭಾಮೈದ