ಹೊನ್ನೆ ಮರದ ಈಚೆ

ಗುರುವಾರ, ೧೩ ಫೆಬ್ರವರಿ ೧೯೩೬. ಘಟ್ಟದ ಕೆಳಗಿನ ಛತ್ರ.

ಅವಳ ಮುಖ ಕಣ್ಣೆದುರಿನಿಂದ ಹೋಗುತ್ತಿಲ್ಲ. ಹೋಗದಿದ್ದರೆ ಬೇಡ. ನಾನೇನೂ ತಪ್ಪು ಮಾಡಿಲ್ಲ.

ಹದಿನಾಲ್ಕು ವರ್ಷದ ಸಂಸಾರದಲ್ಲಿ ಭಾಗೀರಥಿ ಬಾಯಿಬಿಟ್ಟು ಕೇಳಿದ್ದು ಒಂದೇ, ಸಮುದ್ರ ತೋರಿಸಿ ಅಂತ. ಹೇರೂರಿನಿಂದ ಇಷ್ಟು ದೂರ ಬಂದು, ಗಾಡಿ ಇಳಿದು, ಕಡಲಿಗೆ ಚಾಚಿದ ಆ ಗುಡ್ಡ ಹತ್ತುವಾಗ ತಲೆ ತಗ್ಗಿಸಿ ಹೇಳಿದಳು: "ಆನು ಹೊರಗಾದೆ."

ಗುಡ್ಡದ ತುದಿಯಲ್ಲಿ ದೇವರ ಕಲ್ಲಿದೆ. ಮುಟ್ಟಾದವಳು ಅತ್ತ ಹೋಗುವಂತಿಲ್ಲ.

"ದೂರ ನಿಂತು ನೋಡ್ತೆ" ಅಂದಳು.

"ಒಂದು ಹೆಜ್ಜೆ ಮುಂದೆ ಬಪ್ಪಲಾಗ" ಅಂತ ತಡೆದೆ.

ಹೊನ್ನೆ ಮರದ ಬುಡದಲ್ಲಿ ಕೂತಳು. ಅಲ್ಲಿಗೆ ಸಮುದ್ರದ ಸಪ್ಪಳ ಕೇಳುತ್ತದೆ, ನೀರು ಕಾಣುವುದಿಲ್ಲ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ನಾನೊಬ್ಬನೇ ತುದಿಗೆ ಹೋದೆ. ಮೂರು ದಿಕ್ಕಿಗೂ ನೀರು. ಹೆದರಿ ದೇವರ ಕಲ್ಲು ಹಿಡಿದು ಕೂತುಬಿಟ್ಟೆ. ಎಂದೂ ಹೆಂಡತಿಯನ್ನು ಹೆಸರು ಹಿಡಿದು ಕರೆಯದವನು ಎರಡು ಸಲ ಕೂಗಿದೆ.

ಇಳಿದು ಬಂದಾಗ ಅಲ್ಲೇ ಕೂತಿದ್ದಳು. "ಹೆಂಗಿದ್ದು?" ಅಂದಳು.

"ಎಂತದೂ ಇಲ್ಲೆ. ಬರೀ ನೀರು."

ಗಾಡಿ ಹತ್ತಿ ಛತ್ರಕ್ಕೆ ಬಂದೆವು. ಈಗ, ಹೊರಜಗಲಿಯ ಕತ್ತಲಲ್ಲಿ ಮಲಗಿದವಳು ಅಲ್ಲಿಂದಲೇ ಹೇಳಿದಳು: "ನಿಂಗ ಎನ್ನ ಕರದಾಂಗೆ ಕೇಳಿಸ್ತು. ಬಪ್ಪಲಾಗ ಹೇಳಿದ್ದಿ, ಅದಕ್ಕೇ ಕೂತಿದ್ದೆ."

"ಗಾಳಿ ಅದು."

"ಎರಡು ಸಲ ಕೇಳಿಸ್ತು."

ನಾಲ್ಕು ದಿನ ಇಲ್ಲೇ ಉಳಿದರೆ ಅವಳೂ ಮಿಂದು, ಹೋಗಿ ನೋಡಬಹುದು. ಅವಳು ಹೆದರುವವಳಲ್ಲ.

ನಾಳೆ ಮೊದಲ ಬಸ್ಸಿಗೇ ಹೊರಡುವುದು.