ಬಾಗಿಲಾಚೆ ನಿಂತವಳು

ಇಳಕಲ್ಲ
೧೪ ನವೆಂಬರ್ ೧೯೮೮

ಪ್ರೀತಿಯ ತಂಗಿ ಶಿವಬಸವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ರಾತ್ರಿ ಎಳ್ಳೆಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಶೇಂಗಾ ಸುಗ್ಗಿಯ ಗಡಿಬಿಡಿಯಲ್ಲಿ ಅದನ್ನೂ ಬಿಟ್ಟಿದ್ದೀಯೋ? ನಿನ್ನ ಯಜಮಾನರು ಅಂದಾನಪ್ಪನವರ ಕೆಮ್ಮು ಕಡಿಮೆಯಾಯಿತೇ? ನಾವೆಲ್ಲ ಆರಾಮ. ಕಾಲೇಜಿನಲ್ಲಿ ಈ ವರ್ಷ ಹಳಗನ್ನಡ ಕಾವ್ಯ ನನ್ನ ಪಾಲಿಗೆ ಬಂದಿದೆ. ಮಧ್ಯಾಹ್ನದ ತರಗತಿಯಲ್ಲಿ ಅರ್ಧ ಹುಡುಗರು ತೂಕಡಿಸುತ್ತಾರೆ, ನಾನು ಮಾತ್ರ ಗಟ್ಟಿಯಾಗಿ ಓದಿಕೊಂಡು ಸುಖಪಡುತ್ತೇನೆ.

ನಿನ್ನ ಸೊಸೆ ಗೌರವ್ವ, ಮಕ್ಕಳಿಲ್ಲದ ತನ್ನ ಅಕ್ಕನಿಗಾಗಿ ಒಂದು ಕೂಸು ಹೆತ್ತುಕೊಡಲು ಮುಂದೆ ಬಂದಿದ್ದಾಳೆ, ಅದಕ್ಕೂ ಮೊದಲು ಬಾಗಲಕೋಟೆಯಲ್ಲಿ ಡಾಕ್ಟರಬಾಯಿಗೆ ತೋರಿಸಬೇಕು ಎಂದು ಬರೆದಿದ್ದೀ. 'ಅಲ್ಲಿ ಏನೇನ್ ಕೇಳ್ತಾರ, ನನಗ ಒಂದೂ ನೆನಪಿಲ್ಲ, ನೀನ ಬರದ ಕಳಸು' ಎಂದಿದ್ದೀ. ಓದಿ ನನಗೆ ನಗು ಬಂತು. ನೀನು ಮರೆಯುವವಳೇ? ಆದರೂ ಕೇಳಿದ್ದೀಯಲ್ಲ, ಹೇಳುತ್ತೇನೆ. ಹೇಳುವ ನೆಪದಲ್ಲಿ ನನಗೂ ಒಮ್ಮೆ ಆ ದಿನಕ್ಕೆ ಹೋಗಿಬಂದಂತಾದೀತು.

ಎಪ್ಪತ್ತರ ಸಂಕ್ರಾಂತಿ ಮುಗಿದಿತ್ತು. ಮದುವೆಯಾಗಿ ಹತ್ತು ವರ್ಷ ದಾಟಿದರೂ ನನ್ನ ಮಡಿಲು ತುಂಬಿರಲಿಲ್ಲ. ಎರಡು ಗಂಡುಮಕ್ಕಳ ತಾಯಿಯಾಗಿದ್ದ ನೀನು 'ಮೂರನೇದ್ದು ನಿನಗ' ಎಂದು ರೊಟ್ಟಿ ಬಡಿಯುತ್ತಲೇ ಹೇಳಿಬಿಟ್ಟಿದ್ದೆ, ಯಾವುದೋ ಹಳೇ ಸೀರೆ ಕೊಡುವವಳ ಹಾಗೆ. ಬಾಗಲಕೋಟೆಯ ದವಾಖಾನೆಗೆ ಹೋದಾಗ ಬಾಗಿಲಲ್ಲಿದ್ದ ನರ್ಸ್ ಅಬೇದಾ ನೆನಪಿದ್ದಾಳೆಯೇ? 'ಹಡಿಯಾಕಿ ಯಾರ್ರೀ?' ಎಂದಳು. ನಾನು ನಿನ್ನತ್ತ ಕೈ ತೋರಿದೆ. 'ಕೂಸು ಯಾರಿಗ್ರೀ?' ಎಂದಳು. ನೀನು ನನ್ನತ್ತ ಬೆರಳು ಮಾಡಿದೆ. 'ಯವ್ವಾ, ಹಂಗಾದ್ರ ಮಶೀನಮ್ಯಾಲ ಇಬ್ಬರನೂ ನಿಂದ್ರಸ್ಲೇನು?' ಎಂದು ಅವಳು ನಕ್ಕಾಗ ಸಾಲಿನಲ್ಲಿದ್ದ ಬಸುರಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೌರವ್ವನಿಗೂ ಹಾಗೆಯೇ ತೂಕ ನೋಡುತ್ತಾರೆ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಾರೆ, ರಕ್ತ ತೆಗೆಯುತ್ತಾರೆ. ಹಿಂದಿನ ಹೆರಿಗೆ ಸಲೀಸಾಗಿತ್ತೇ, ಕಾಲು ಬಾತಿದ್ದವೇ, ತವರಿನಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಮೂರ್ಛೆ ಇತ್ತೇ ಎಂದು ಕೇಳುತ್ತಾರೆ. ನಾಚದೆ, ಮುಚ್ಚಿಡದೆ ಹೇಳಲಿ. ಮೂತ್ರಕ್ಕೆಂದು ಶೀಸೆ ಕೊಟ್ಟರೆ ನಿನ್ನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಬರುವುದು ಬೇಡ. ನಮ್ಮ ಅತ್ತೆ ಸಿದ್ದಲಿಂಗವ್ವ 'ಏನ್ ಕೊಟ್ರ, ಟಾನಿಕ್ಕೇನು? ತಾ ಇಲ್ಲೆ' ಎಂದು ಕೈಚಾಚಿದ್ದು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಗಂಡನನ್ನೂ ಕರೆದು ಒಪ್ಪಿಗೆ ಕೇಳುತ್ತಾರೆ. ನಿನ್ನ ಯಜಮಾನರು 'ನಾ ಒಲ್ಲೆ ಅಂದ್ರ ನಾಳಿಂದ ನನಗ ರೊಟ್ಟಿ ಯಾರ್ ಹಾಕ್ತಾರ್ರೀ?' ಎಂದು ಡಾಕ್ಟರಬಾಯಿಯನ್ನೂ ನಗಿಸಿದ್ದರು.

ಆಮೇಲೆ ಡಾಕ್ಟರಬಾಯಿ ನಗು ನಿಲ್ಲಿಸಿ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ನಿನ್ನೊಬ್ಬಳನ್ನೇ ಒಳಗೆ ಕೂರಿಸಿಕೊಂಡರು. ನಾನು ಬಾಗಿಲಿಗೆ ಒತ್ತಿ ನಿಂತಿದ್ದೆ. 'ನಿನಗ ಖರೇನ ಮನಸೈತೇನು? ಯಾರರ ಒತ್ತಾಯ ಮಾಡ್ಯಾರೇನು?' ಎಂದು ಕೇಳಿದ್ದು ನನಗೆ ಕೇಳಿಸಿತು. ನಮ್ಮ ಎರಡೂ ಮನೆಗಳಲ್ಲಿ ಯಾರೂ ನಿನಗೆ ಕೇಳದ ಮಾತು ಅದು. ನಿನ್ನ ಉತ್ತರ ಮಾತ್ರ ಕೇಳಿಸಲಿಲ್ಲ. ಹೊರಗೆ ಬಂದವಳು 'ಹಸಿವಾಗೇತಿ, ಬುತ್ತಿ ಬಿಚ್ಚು' ಎಂದೆ. ಗೌರವ್ವನಿಗೂ ಆ ಪ್ರಶ್ನೆ ಕೇಳುತ್ತಾರೆ. ಕೇಳದಿದ್ದರೆ ನೀನೇ ಕೇಳು, ಒಬ್ಬಳೇ ಇದ್ದಾಗ ಕೇಳು.

ದವಾಖಾನೆಗಿಂತ ಕಠಿಣ ಪರೀಕ್ಷೆ ಅತ್ತೆಯದು. ನೇಕಾರ ಮುರ್ತುಜಸಾಬರ ಎಳೆಗೂಸನ್ನು ತಂದು ನಿನ್ನ ಮಡಿಲಿಗೆ ಹಾಕಿ, ದಿನವೆಲ್ಲ ಆಡಿಸಿಕೊಳ್ಳಲು ಬಿಟ್ಟು, ಸಂಜೆ ಎತ್ತಿಕೊಂಡು ಹೋದರು. ನಿನ್ನ ಕಣ್ಣು ತುಂಬಲಿಲ್ಲ. 'ಕೂಸು ಹೋದ್ರ ಅಳದಾಕಿ ಕೂಸಿಗೆ ಏನ್ ಜೀವ ಕೊಡ್ತಾಳ? ಈಕಿ ಬ್ಯಾಡ' ಎಂದರು. ಆದರೆ ಹಿತ್ತಲ ಬಣವೆಯ ಮರೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನೀನು ಅಳುತ್ತಿದ್ದುದನ್ನು ನೋಡಿದವರೂ ಅವರೇ. ಒಪ್ಪಿದರು. ಆ ಅಳುವನ್ನು ಕಂಡೇ ಹೆದರಿದರು ಕೂಡ. 'ಕೂಸು ಕೊಟ್ಟಮ್ಯಾಲ ಈ ಹೊಸ್ತಿಲಾ ತುಳೀಬಾರ್ದು. ಕರಳು ಎಳೀತದ' ಎಂಬ ಕರಾರು ಹಾಕಿದರು. ನೀನು ತಲೆಯಾಡಿಸಿದೆ.

ಎಂಟನೆಯ ತಿಂಗಳಲ್ಲಿ ಜಂಗಮರಾದ ಬಸಯ್ಯನವರು ಹೊಟ್ಟೆಯ ಕೂಸಿನ ಇಷ್ಟಲಿಂಗ ಕಟ್ಟಲು ಬಂದರು. ಬಸುರಿಯ ತೋಳಿಗೆ ಕಟ್ಟುವುದು ರೂಢಿ. 'ಅಕ್ಕನ ತೋಳಿಗೆ ಕಟ್ಟರಿ ಅಯ್ಯಾವ್ರ, ಆಕಿ ಕೂಸು' ಎಂದು ನೀನೇ ಸೆರಗಿನ ಅಂಚು ಹರಿದುಕೊಟ್ಟೆ. ಕೂಸು ನಿನ್ನಲ್ಲಿ ಒದೆಯುತ್ತಿತ್ತು, ಅದರ ಲಿಂಗ ನನ್ನ ತೋಳಿನಲ್ಲಿ ಬೆಚ್ಚಗಿತ್ತು. ಇಷ್ಟು ಕವಿತೆ ಓದಿದ್ದೇನೆ, ಅದಕ್ಕೊಂದು ಹೋಲಿಕೆ ನನಗೆ ಇನ್ನೂ ಸಿಕ್ಕಿಲ್ಲ.

ನಿನ್ನ ಶಿರೂರು ಇಲ್ಲಿಂದ ಎಷ್ಟು ದೂರ? ಬೆಳಗಿನ ಬಸ್ಸಿಗೆ ಹತ್ತಿದರೆ ಊಟದ ಹೊತ್ತಿಗೆ ಬರಬಹುದು. ಆದರೂ ಹದಿನೆಂಟು ವರ್ಷ ನೀನು ಬರಲಿಲ್ಲ. ಬಾದಾಮಿಯ ತವರಿನಲ್ಲಿ ನಾವಿಬ್ಬರೂ ಸೇರಿದಾಗಲೂ ನೀನು ಹೆತ್ತುಕೊಟ್ಟ ನೀಲಗಂಗಾಳನ್ನು ನಾನು ಕರೆತರಲಿಲ್ಲ, ನೀನು ಕೇಳಲಿಲ್ಲ. ಅವಳ ಜಡೆ ಎಷ್ಟು ಉದ್ದವಿದೆ ಎಂದಷ್ಟೇ ಒಮ್ಮೆ ಕೇಳಿದ್ದೆ, ಹೂ ಕಟ್ಟುತ್ತಾ. ನಿನ್ನನ್ನು ತಲೆಯಿಂದ ಕಾಲಿನವರೆಗೆ ಎಲ್ಲರೂ ಪರೀಕ್ಷಿಸಿದರು. ನಾನು ತಾಯಿಯಾಗಲು ತಕ್ಕವಳೇ ಎಂದು ಯಾರೂ ನೋಡಲಿಲ್ಲ. ಅದನ್ನು ನೀನಾದರೂ ನೋಡಬೇಕು.

ಕಳೆದ ಶ್ರಾವಣದಲ್ಲಿ ಅತ್ತೆ ತೀರಿಕೊಂಡ ಸುದ್ದಿ ಬರೆದಿದ್ದೆ. ಕೊನೆಯ ಮಾತು ಬರೆದಿರಲಿಲ್ಲ. 'ಶಿವಬಸವ್ವಗ ಹಾಕಿದ ಕರಾರ ನಾ ತಿರುಗಿ ತಗೊಂಡೇನಿ. ನೀಲಗಂಗಾಗ ಎಲ್ಲಾ ಹೇಳು' ಎಂದರು. ಹೇಳಲು ನನಗೆ ಇಷ್ಟು ದಿನ ಧೈರ್ಯ ಸಾಲಲಿಲ್ಲ. ಗೌರವ್ವನಿಗೆ ಹೇಳು: ಡಾಕ್ಟರು ಕೇಳುವುದಕ್ಕೆಲ್ಲ ಉತ್ತರ ಕೊಡಲಿ, ಆದರೆ ತಾನೂ ಒಂದು ಮಾತು ಕೇಳಲಿ, ಕೊಟ್ಟ ಮೇಲೆ ಆ ಮನೆಯ ಬಾಗಿಲು ತನಗೆ ತೆರೆದಿರುತ್ತದೆಯೇ ಎಂದು. ಇಲ್ಲ ಎಂದರೆ ಅಲ್ಲಿಂದಲೇ ತಿರುಗಿ ಬರಲಿ.

ನಿನ್ನ ಯಜಮಾನರಿಗೆ ಶರಣು, ಮಕ್ಕಳು ಮೊಮ್ಮಕ್ಕಳಿಗೆ ನನ್ನ ಮುತ್ತು. ಬಸವಣ್ಣ ನಿನ್ನನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ಮಹಾದೇವಿ

ಮರೆತಿದ್ದೆ: ಲಕೋಟೆಗೆ ಸ್ಟಾಂಪ್ ಇಲ್ಲದ್ದನ್ನು ನೋಡಿರಬೇಕು. ತಂದುಕೊಟ್ಟವಳನ್ನು ನನ್ನ ಯಾರೋ ವಿದ್ಯಾರ್ಥಿನಿ ಎಂದುಕೊಂಡು ಕಟ್ಟೆಯ ಮೇಲೆಯೇ ಕೂರಿಸಿ ಓದುತ್ತಿದ್ದರೆ, ಓದುವುದನ್ನು ನಿಲ್ಲಿಸಿ ತಲೆಯೆತ್ತು. ಜಡೆ ಸೊಂಟ ದಾಟಿದೆ. ನಿನ್ನೆ ಸಂಜೆ ಅವಳಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, 'ನಾಳಿ ಬಸ್ಸು ಎಷ್ಟಕ್ಕ?' ಎಂದಳು. ಡಾಕ್ಟರಬಾಯಿ ಕೇಳಿದ ಪ್ರಶ್ನೆಯನ್ನೇ ಅವಳೂ ಕೇಳುತ್ತಾಳಂತೆ. ಅಂದು ಒಳಗೆ ನೀನು ಏನು ಹೇಳಿದೆಯೋ, ನನಗೆ ಹೇಳದಿದ್ದರೂ ನಡೆದೀತು. ಅವಳಿಗೆ ಹೇಳು. ಮೊದಲು ಉಣ್ಣಿಸು, ಹಸಿದುಕೊಂಡೇ ಹೊರಟಿದ್ದಾಳೆ.